ತಾಮ್ರದ ಎಳೆಗೆ ಹಾಕಿದ ಗಂಟು

ಗುಳೇದಗುಡ್ಡದ ಆ ಓಣಿಯಲ್ಲಿ ಯಾರ ಮನೆಯ ಮಗ್ಗದ ಮೇಲೆ ಎಳೆ ಹರಿದರೂ ಮೊದಲು ಹೊರಡುತ್ತಿದ್ದ ಮಾತು ಒಂದೇ: "ದುರ್ಗವ್ವಾಯಿನ ಕರೀರಿ." ದುರ್ಗವ್ವ ಬರುತ್ತಿದ್ದಳು, ಸೆರಗು ಬಿಗಿದು ಕೂಡುತ್ತಿದ್ದಳು, ಹರಿದ ಎರಡು ತುದಿಗಳನ್ನು ನಾಲಿಗೆಗೆ ತಾಗಿಸಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಮ್ಮೆ ಹೊಸೆದಂತೆ ಮಾಡಿ ಬಿಟ್ಟುಬಿಡುತ್ತಿದ್ದಳು. ಅಷ್ಟೇ. ಗಂಟು ಬಿದ್ದಿರುತ್ತಿತ್ತು; ಎಲ್ಲಿ ಬಿದ್ದಿದೆ ಎಂದು ಬೆರಳಾಡಿಸಿ ಹುಡುಕಿದರೂ ಸಿಗುತ್ತಿರಲಿಲ್ಲ. ಅವಳು ಎಳೆ ಕೂಡಿಸಿದ ಖಣದ ಕುಬಸ ತೊಟ್ಟು ಎಷ್ಟೋ ಹುಡುಗಿಯರು ಗಂಡನ ಮನೆಗೆ ಹೋದರು, ಹಡೆದರು, ಕುಬಸ ಹಳತಾದ ಮೇಲೆ ಅದನ್ನೇ ಕೂಸಿನ ಕೌದಿಗೆ ಹಚ್ಚಿ ಹೊಲಿದರು. ಅದರೊಳಗೊಂದು ಗಂಟಿತ್ತೆಂದು ಯಾರಿಗೂ ತಿಳಿಯಲಿಲ್ಲ. ಈಗ ಅವಳಿಗೆ ಎಪ್ಪತ್ತು ದಾಟಿ ಕಣ್ಣಿಗೆ ಪೊರೆ ಬಂದಿತ್ತು. ಆದರೆ ಗಂಟು ಇದ್ದದ್ದು ಕಣ್ಣಲ್ಲಲ್ಲ, ಬೆರಳಲ್ಲಿ.

ಬೆರಳು ಉಳಿದವು, ಮಗ್ಗ ಉಳಿಯಲಿಲ್ಲ. ಮಗ ವೀರೇಶ ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಇಳಕಲ್ಲಿನ ಪಾವರ್‌ಲೂಮಿಗೆ ಕೆಲಸಕ್ಕೆ ಹೋದ. ಅಮಾವಾಸ್ಯೆಗೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಿದ್ದ. ಮನೆಯಲ್ಲಿ ಉಳಿದವರು ದುರ್ಗವ್ವ, ಸೊಸೆ ಮಹಾನಂದಾ, ಆರನೆಯ ಇಯತ್ತೆಯಲ್ಲಿ ಓದುವ ಮೊಮ್ಮಗಳು ಪ್ರಿಯದರ್ಶಿನಿ. ಹಲಗೆಯ ಮೇಲೆ ಹಾಸಿಗೆಯ ಸುರುಳಿ ಇಟ್ಟುಕೊಂಡು ಮಲಗುವಾಗ ಕೆಳಗಿನ ಕುಣಿಯ ತಂಪು ಇನ್ನೂ ಬೆನ್ನಿಗೆ ತಾಗುತ್ತಿತ್ತು.

ಅಂಥ ದಿನಗಳಲ್ಲಿ ಬಾಗಲಕೋಟೆಯಿಂದ ಸುನೀಲಕುಮಾರ ಬಂದ. ನವನಗರದ ಒಂದು ಶೆಡ್ಡಿನಲ್ಲಿ ಅವನು ಸಾಲಿ ಮಕ್ಕಳಿಗಾಗಿ ಗಾಳಿಯಿಂದ ಕರೆಂಟು ಮಾಡುವ ಆಟಿಕೆಯಂಥ ಕಿಟ್ಟು ತಯಾರಿಸುತ್ತಿದ್ದ. ರಟ್ಟಿನ ಡಬ್ಬಿ, ಒಳಗೆ ಮೂರು ಪ್ಲಾಸ್ಟಿಕ್ ರೆಕ್ಕೆ, ಒಂದು ಆಯಸ್ಕಾಂತದ ಬಿಲ್ಲೆ, ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸುತ್ತಿದ ನಾಲ್ಕು ರೀಲು, ಗುಲಗಂಜಿಯಷ್ಟು ಕೆಂಪು ದೀಪ. ಮಕ್ಕಳೇ ಎಲ್ಲ ಜೋಡಿಸಿ ರೆಕ್ಕೆಯನ್ನು ಗಾಳಿಗೆ ಹಿಡಿದರೆ ದೀಪ ಹತ್ತಬೇಕು. ಆ ತಂತಿ ಸುತ್ತುವ ಕೈ ಅವನಿಗೆ ಸಿಕ್ಕಿರಲಿಲ್ಲ. ಮಗ್ಗದ ಲಾಳಿಗೆ ನೂಲಿನ ಕಂಡಿಕಿ ಸುತ್ತುವ ಹೆಂಗಸರಿಗಿಂತ ಬೇರೆ ಕೈ ಬೇಕೇ ಎಂದು ಯಾರೋ ಹೇಳಿ ಕಳಿಸಿದ್ದರು. ಮಹಾನಂದಾ ಅಟ್ಟದಿಂದ ರಾಟಿ ಇಳಿಸಿ, ನೂಲಿನ ಕಂಡಿಕಿ ಕೂರುವ ಕದರಿಗೆ ಅವನ ರೀಲನ್ನು ಸಿಕ್ಕಿಸಿ, ಅವನಿಗೆ ಕೊಟ್ಟ ಚಹಾ ಆರುವುದರೊಳಗೆ ನಾಲ್ಕು ರೀಲು ಸುತ್ತಿ ಮುಂದಿಟ್ಟಳು.

"ಮಶೀನ್ ಸೋಲತೈತ್ರಿ ಅಕ್ಕಾರ," ಎಂದ ಸುನೀಲಕುಮಾರ.

ಓಣಿಯ ಏಳು ಮನೆಗೆ ಕೆಲಸ ಬಂತು. ತಂತಿ ಹಂಚುವುದು, ಸುತ್ತಿದ ರೀಲು ಕೂಡಿಸಿ ಗುರುವಾರಕ್ಕೊಮ್ಮೆ ಅವನ ಕೈಗೆ ಕೊಡುವುದು ಮಹಾನಂದಾಳ ಪಾಲಿಗೆ. ಅವನು ಹೊರಡುವಾಗ ಒಂದೇ ಒಂದು ಮಾತು ಒತ್ತಿ ಹೇಳಿದ್ದ: "ಸುತ್ತುವಾಗ ತಂತಿ ಹರೀತಂದ್ರ ಆ ರೀಲು ಒಗದಬಿಡ್ರಿ. ಹೊಸಾದು ಸುತ್ರಿ. ಜೋಡಸಾಕ ಹೋಗಬ್ಯಾಡ್ರಿ."

ಮಹಾನಂದಾ ಆ ಮಾತನ್ನು ಏಳೂ ಮನೆಗೆ ಮುಟ್ಟಿಸಿದಳು. ಎದುರುಮನೆಯ ಶಿವಲಿಂಗವ್ವ ಕೇಳಿ ನಕ್ಕಳು. "ಹರಿದ ಎಳಿ ಒಗ್ಯಾಕ ನಮ್ಮನ್ನೇನು ದರ್ಜಿ ಮಂದಿ ಅಂತ ತಿಳದಾನೇನಽ? ಅಂವಗ ಏನ್ ಗೊತ್ತವಾ, ಪಾಪ, ಪ್ಯಾಂಟ್ ಹಾಕ್ಕೊಂಡಾಂವ."

ನೇಕಾರರ ಮನೆಯಲ್ಲಿ ಎಳೆಯ ಮೇಲೆ ಕಾಲು ಬಿದ್ದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅರ್ಧ ಸುತ್ತಿದ ರೀಲನ್ನು ಕಸಕ್ಕೆ ಹಾಕುವುದೆಂದರೆ ಆ ಹೆಂಗಸರಿಗೆ ಉಣ್ಣುವ ಎಡೆಯನ್ನು ಎತ್ತಿ ಒಗೆದಂತೆ. ಯಾರೂ ಒಗೆಯಲಿಲ್ಲ. ಹರಿದರೆ ಹರಿದ ತುದಿಗಳನ್ನು ಹಿಡಿದುಕೊಂಡು ದುರ್ಗವ್ವನ ಬಳಿಗೆ ಬಂದರು. ಮುದುಕಿ ತಾಮ್ರವನ್ನು ನಾಲಿಗೆಗೆ ತಾಗಿಸಿ, "ಇದೇನವಾ, ರಗತದಂಗ ರುಚಿ ಐತಲ್ಲ," ಎಂದು ಮುಖ ಕಿವುಚಿ, ಆಮೇಲೆ ಆ ತಂತಿಗೂ ತನ್ನ ಗಂಟನ್ನು ಕಲಿಸಿಬಿಟ್ಟಳು. ರೇಶ್ಮೆಯಷ್ಟು ಬಾಗದಿದ್ದರೂ ತಾಮ್ರ ಅವಳ ಮಾತು ಕೇಳಿತು. ಮಹಾನಂದಾ ನೋಡಿದಳು. ಬೇಡ ಎನ್ನಲಿಲ್ಲ. ವರ್ಷಗಟ್ಟಲೆ ಮೂಲೆ ಹಿಡಿದಿದ್ದ ಅತ್ತೆಯ ಮುಂದೆ ಮತ್ತೆ ಓಣಿಯ ಹೆಂಗಸರು ಸಾಲುಗಟ್ಟಿ ಕೂತದ್ದು ಕಂಡು ಒಳಗೊಳಗೇ ಹಿಗ್ಗಿದಳು ಕೂಡ.

ಹರಿದದ್ದನ್ನು ನಿಜವಾಗಿ ಒಗೆಯುತ್ತಿದ್ದವಳು ಒಬ್ಬಳೇ, ರೋಹಿಣಿ. ಹುನಗುಂದದ ಕಡೆಯ ಮರೋಳದವಳು, ಒಕ್ಕಲುತನದ ಮನೆಯಿಂದ ಬಂದವಳು. ಗಂಡ ಎರಡು ವರ್ಷದ ಹಿಂದೆ ಎಲ್ಲಿಗೋ ಹೋದವನು ತಿರುಗಿ ನೋಡಿರಲಿಲ್ಲ. ಓಣಿಯ ಕೊನೆಯ ಬಾಡಿಗೆ ಖೋಲಿಯಲ್ಲಿ ಮಗಳು ಶಿವಗಂಗಾಳನ್ನು ಕಟ್ಟಿಕೊಂಡು ಇದ್ದಳು. ಅವಳ ಕೈಯಲ್ಲಿ ತಂತಿ ಹರಿಯುವುದೂ ಹೆಚ್ಚು, ಒಗೆಯುವುದೂ ಹೆಚ್ಚು.

"ಇಷ್ಟ್ಯಾಕ ಹಾಳ ಮಾಡ್ತಿ? ಅತ್ತಿ ಕಡೆ ಒಯ್ಯಬಾರದಾ?" ಎಂದು ಮಹಾನಂದಾ ಒಂದು ಸಲ ಗದರಿದಳು.

"ಒಗೀರಿ ಅಂದಾರಲ್ಲಕ್ಕಾ, ಅದಕ್ಕ ಒಗದೆ," ಎಂದಳು ರೋಹಿಣಿ, ಸಾಲಿಯ ಹುಡುಗಿಯ ಹಾಗೆ. ಆದರೂ ಬೈಸಿಕೊಂಡ ಮೇಲೆ ದುರ್ಗವ್ವನ ಬಳಿ ಗಂಟು ಕಲಿಯಲು ಕೂತಳು. ನಾಲ್ಕು ದಿನ ಕೂತರೂ ಬರಲಿಲ್ಲ. "ಜ್ವಾಳ ಕೊಯ್ಯೋ ಕೈ ಇದು, ಎಳಿ ಹಿಡಿಯೋ ಕೈ ಅಲ್ಲ. ನೀ ಒಗದಬಿಡು ತಂಗಿ, ನನ್ನ ಜೀವಾ ತಿನಬ್ಯಾಡ," ಎಂದು ಮುದುಕಿ ನಕ್ಕು ಎಬ್ಬಿಸಿದಳು. ಅವತ್ತಿನಿಂದ ರೋಹಿಣಿ ಮತ್ತೆ ಒಗೆಯತೊಡಗಿದಳು.

ಸಂಜೆ ಹೊತ್ತು ಶಿವಗಂಗಾ, ಪ್ರಿಯದರ್ಶಿನಿ ಇಬ್ಬರೂ ಮುದುಕಿಯ ಎರಡು ಮಗ್ಗುಲಿಗೆ ಆತು ಕೂಡುತ್ತಿದ್ದರು. ಗಾಳಿಯಿಂದ ದೀಪ ಹತ್ತುತ್ತದೆ ಎಂಬ ಸುದ್ದಿ ಬಂದಾಗಿನಿಂದ ದುರ್ಗವ್ವನ ಕಥೆಗಳಲ್ಲಿಯೂ ಗಾಳಿಯದೇ ಕಾರುಬಾರು. "ಗಾಳೆವ್ವ ಅನ್ನಾಕಿ ಒಬ್ಬಾಕಿ ಹುಡುಗಿ ಇದ್ದಳಂತ. ಅಕಿ ಮುಟ್ಟಿದ್ದೆಲ್ಲಾ ತಿರಗತಿತ್ತು. ಬೀಸಾಕ ಹಚ್ಚಿದ್ರು, ಬೀಸೋಕಲ್ಲು ಎಂಥಾ ಜೋರು ತಿರಗಿಸಿದ್ಲಂದ್ರ ಹಿಟ್ಟೆಲ್ಲಾ ಹಾರಿ ಮುಗಲಾಗಿನ ಮ್ವಾಡ ಆತು. ನೂಲಾಕ ಹಚ್ಚಿದ್ರು, ರಾಟಿ ಮುರದು ಹತ್ತಿ ಎಲ್ಲಾ ಕೊಕ್ಕರಿ ಹಿಂಡು ಆಗಿ ಹೋತು. ಏಳು ಮನ್ಯಾಗ ಇಟ್ಟುಕೊಂಡು ಏಳೂ ಮನ್ಯಾಗಿಂದ ಹೊರಗ ಹಾಕಿದ್ರು. ಅವತ್ತಿನಿಂದ ಬಾಗಲಾ ಬಡೀತಾಳ ನೋಡ್ರಿ, ಕೆಲಸ ಕೊಡ್ರಿ, ಕೆಲಸ ಕೊಡ್ರಿ ಅಂತ."

"ಈಗ ಕೆಲಸ ಸಿಕ್ತಲ್ಲಾಯಿ, ದೀಪಾ ಹಚ್ಚೂದು," ಎಂದಳು ಶಿವಗಂಗಾ.

"ಸಿಕ್ತು ನೋಡವಾ," ಎಂದಳು ಮುದುಕಿ.

ಆ ವರ್ಷ ಮಳೆಗಾಲದ ಗಾಳಿ ಬಿದ್ದ ಮೇಲೆ, ದುರ್ಗವ್ವ ಬದಾಮಿಯ ಮಗಳ ಮನೆಗೆಂದು ಎಂಟು ದಿನದ ಮಟ್ಟಿಗೆ ಹೋದಳು. ಅವಳು ಹೋದ ಮೂರನೆಯ ದಿನ, ಗುರುವಾರವೂ ಅಲ್ಲದ ದಿನ, ಸುನೀಲಕುಮಾರ ಬಂದ. ಬೈಕಿನ ಹಿಂದೆ ಒಂದು ಗೋಣಿಚೀಲ ಕಟ್ಟಿದ್ದ. ನೀರೂ ಬೇಡವೆಂದ. ಹೆಂಗಸರನ್ನೆಲ್ಲ ಕರೆಸಿ, ಮಹಾನಂದಾಳ ಮನೆಯ ಕಟ್ಟೆಯ ಮೇಲೆ ಚೀಲ ಸುರಿದ. ರೀಲುಗಳು ಗಳಗಳನೆ ಉದುರಿ ಗಟಾರದ ತನಕ ಉರುಳಿದವು.

"ಹುನಗುಂದದಾಗ ನಿನ್ನೆ ಮಕ್ಕಳ ಮೇಳ ಇತ್ತು. ನಲವತ್ತು ಸಾಲಿ ಹುಡುಗರು. ಸಾಲಾಗಿ ಟೇಬಲ್ ಫ್ಯಾನ್ ಇಟ್ಟು, ಎಲ್ಲಾರ ಕೈಯಾಗ ನನ್ನ ಕಿಟ್ಟು ಕೊಟ್ಟಿದ್ರು. ಫ್ಯಾನ್ ಹಾಕಿದ್ರು. ರೆಕ್ಕಿ ಎಲ್ಲಾರದೂ ತಿರಗಿದ್ವು. ದೀಪಾ ಮೂರರಾಗ ಒಂದು ಹತ್ತಲಿಲ್ಲ." ಅವನ ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ಒಂದು ಸಣ್ಣ ಹುಡುಗಿ, ನಾ ಏನ್ ತಪ್ಪ ಮಾಡೀನ್ರೀ ಸರ್ ಅಂತ ನನ್ನ ಕೇಳಿ ಅತ್ತಳು. ಕಿಟ್ಟು ಕೊಂಡವರು ಅಲ್ಲೇ ನಿಂತಿದ್ರು. ರಾತ್ರೆಲ್ಲಾ ಕೂತು ಬಿಚ್ಚಿ ನೋಡೀನಿ."

ಅವನು ಒಂದು ರೀಲಿನ ತಂತಿಯನ್ನು ಮೊಳಗಟ್ಟಲೆ ಬಿಚ್ಚಿ, ಒಂದೆಡೆ ಉಗುರು ಊರಿ ಬಿಸಿಲಿಗೆ ಹಿಡಿದ. ಸಾಸಿವೆಗಿಂತ ಸಣ್ಣ, ಬಾಲವಿಲ್ಲದ, ನುಣ್ಣನೆಯ ಗಂಟು. "ಜೋಡಸಬ್ಯಾಡ್ರಿ ಅಂತ ಬಡಕೊಂಡಿದ್ನಿ. ಈ ತಂತಿ ಮ್ಯಾಲ ಕಣ್ಣಿಗೆ ಕಾಣದಂಥಾ ಒಂದು ಪದರ ಬಳದಿರ್ತಾರ. ಗಂಟು ಹಾಕಿದ್ರ ಪದರಕ್ಕ ಪದರ ತಾಗತೈತಿ, ತಾಮ್ರಕ್ಕ ತಾಮ್ರ ತಾಗೂದಿಲ್ಲ. ಕರೆಂಟು ಅಲ್ಲಿಗೇ ನಿಂತಬಿಡತೈತಿ. ನಾನು ಇಪ್ಪತ್ತರಾಗ ಒಂದು ಪರೀಕ್ಷಾ ಮಾಡಿ ಕಳಸಾಂವ, ನಂದೂ ತಪ್ಪೈತಿ. ಆದ್ರ ಇದು ಯಾರ ಮನೀದು?"

ಆರು ಹೆಂಗಸರೂ ಆ ಗಂಟನ್ನು ನೋಡಿದರು. ಯಾರದೆಂದು ಕೇಳಬೇಕಾದ ಗಂಟೇ ಅಲ್ಲ ಅದು. ಊರಿಗೆಲ್ಲ ಅಂಥ ಗಂಟು ಹಾಕುವ ಬೆರಳು ಎರಡೇ, ಅವು ಈಗ ಬದಾಮಿಯಲ್ಲಿದ್ದವು. ಮತ್ತು ಆರೂ ಮನೆಯ ತಂತಿ ಆ ಬೆರಳಿನ ನಡುವೆ ಹಾದು ಹೋಗಿತ್ತು. ಬೇಡ ಎಂಬ ಒಂದು ಮಾತು ಅವತ್ತು ಮಹಾನಂದಾಳ ಬಾಯಿಂದ ಹೊರಟಿದ್ದರೆ ಸಾಕಿತ್ತು.

"ಒಂದು ಮನಿ ಹೆಸರು ಹೇಳ್ರಿ," ಎಂದ ಸುನೀಲಕುಮಾರ. "ಕಿಟ್ಟು ಕೊಂಡವರಿಗೆ ನಾ ಉತ್ತರಾ ಕೊಡಬೇಕು. ಆ ಮನಿಗೆ ಇನ್ನ ತಂತಿ ಇಲ್ಲ. ಹೇಳೂದಿಲ್ಲಂದ್ರ ಏಳೂ ಮನೀದು ಎತ್ತಿಕೊಂಡು ಇಳಕಲ್ಲಿಗೆ ಹೋಗ್ತೇನಿ. ಅಲ್ಲಿ ಕೈಗೇನು ಬರಗಾಲ ಇಲ್ಲ."

ಶಿವಲಿಂಗವ್ವ ಓಣಿಯ ಕೊನೆಯತ್ತ ನೋಡಿದಳು. ರೋಹಿಣಿ ಇನ್ನೂ ಬಂದಿರಲಿಲ್ಲ. ನಳ ಬಂದಿತ್ತೆಂದು ನೀರಿಗೆ ಹೋಗಿದ್ದಳು. "ಆ ಮರೋಳದಾಕಿ ಕೈಯಾಗ ತಂತಿ ಭಾಳ ಹರೀತೈತಲ್ಲವಾ," ಎಂದಳು ಶಿವಲಿಂಗವ್ವ ಮೆಲ್ಲಗೆ, ಯಾರಿಗೂ ಅಲ್ಲವೆಂಬಂತೆ.

ಸುನೀಲಕುಮಾರ ಮಹಾನಂದಾಳ ಮುಖ ನೋಡಿದ. ಮಾತು ಅವಳಿಂದಲೇ ಬರಬೇಕಿತ್ತು.

"ಹೌದ್ರಿ," ಎಂದಳು ಮಹಾನಂದಾ. "ಅಕಿ ಕೈಯಾಗ ಭಾಳ ಹರೀತೈತಿ."

ಅದರಲ್ಲಿ ಸುಳ್ಳೊಂದಿರಲಿಲ್ಲ. ಆಮೇಲೆ ಎಷ್ಟೋ ದಿನ ಅವಳು ತನಗೆ ತಾನೇ ಅದನ್ನು ಹೇಳಿಕೊಂಡಳು.

ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಬಂದ ರೋಹಿಣಿ ಮೊದಲು ಚೇಷ್ಟೆ ಎಂದುಕೊಂಡು ನಕ್ಕಳು. "ನಾನಾ? ಗಂಟಾ? ಅಕ್ಕಾ, ನೀನಽ ಹೇಳಽ, ಆಯಿ ನನಗ ಜ್ವಾಳ ಕೊಯ್ಯೋ ಕೈಯಾಕಿ ಅಂತ ಎಬ್ಬಿಸಿ ಕಳಸಿಲ್ಲೇನು?" ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದಳು. ಶಿವಲಿಂಗವ್ವ ಗಟಾರದಲ್ಲಿ ಬಿದ್ದ ರೀಲು ಹೆಕ್ಕತೊಡಗಿದ್ದಳು. ಮಹಾನಂದಾ ಕಸಬರಿಗೆ ಎತ್ತಿಕೊಂಡು ಕಟ್ಟೆ ಗುಡಿಸುತ್ತಿದ್ದಳು. ಸುನೀಲಕುಮಾರ ರೋಹಿಣಿಯ ಖೋಲಿಗೆ ಹೋಗಿ, ಉಳಿದ ತಂತಿಯ ಉಂಡೆ ತಂದು ಚೀಲಕ್ಕೆ ಹಾಕಿಕೊಂಡ. ಕೊಡ ಇಳಿಸುವುದನ್ನೂ ಮರೆತು ಅವಳು ಹಾಗೇ ನಿಂತಿದ್ದಳು. ಸೊಂಟದ ಕೊಡ ವಾಲಿ ನೀರು ಸೀರೆಗುಂಟ ಇಳಿಯುತ್ತಿತ್ತು.

ಅವಳು ಬೈಯಲಿಲ್ಲ, ಮಣ್ಣು ತೂರಲಿಲ್ಲ. ಬೈದಿದ್ದರೆ ಓಣಿಗೆ ಹಗುರಾಗುತ್ತಿತ್ತು.

ದುರ್ಗವ್ವ ಬದಾಮಿಯಿಂದ ಬಂದ ದಿನ ಯಾರೂ ಅವಳಿಗೆ ಏನೂ ಹೇಳಲಿಲ್ಲ. ಹರಿದ ತಂತಿ ಹಿಡಿದು ಯಾರೂ ಬರಲೂ ಇಲ್ಲ. "ಎಲ್ಲಾರ ಕೈ ಸುದ್ಧ ಆದೂ ಏನವಾ?" ಎಂದು ಕೇಳಿದಳು. ಮರುದಿನ ಪ್ರಿಯದರ್ಶಿನಿ ಸಾಲಿಯಿಂದ ಬಂದು, ಚೀಲ ಬಿಸಾಕಿ, ಅಜ್ಜಿಯ ಮುಂದೆ ಕೂತು ಒದರತೊಡಗಿದಳು. ಅವರ ಸಾಲಿಗೂ ಆ ಕಿಟ್ಟು ಬಂದಿತ್ತು. ವಿಜ್ಞಾನದ ಪ್ರಭು ಸರ್ ಎಲ್ಲರ ಕೈಗೂ ಒಂದೊಂದು ಚೂರು ಪಾಲಿಶ್ ಕಾಗದ ಕೊಟ್ಟು, ತಂತಿಯ ತುದಿ ತಿಕ್ಕಿಸಿದ್ದರು. "ಮೇಲಿನ ಪದರಾ ಹೋಗೂ ಮಟಾ ತಿಕ್ಕಬೇಕಂತಾಯಿ. ಇಲ್ಲಂದ್ರ ಎರಡು ತಂತಿ ಎಷ್ಟಽ ಬಿಗದು ಕಟ್ಟಿದ್ರೂ ಕರೆಂಟು ದಾಟೂದಿಲ್ಲಂತ. ನಡಬರಕ ಗಂಟಿದ್ರಂತೂ ಮುಗದಽ ಹೋತಂತ. ಶಿವಗಂಗಾನ ಅವ್ವ ಹಂಗಽ ಗಂಟು ಹಾಕಿದ್ಲಂತಲ್ಲ, ಅದಕ್ಕಽ ಅಕಿನ್ನ ಕೆಲಸದಿಂದ ಬಿಡಿಸ್ಯಾರ. ನಾಳಿಂದ ಶಿವಗಂಗಾ ಸಾಲಿಗೆ ಬರೂದಿಲ್ಲ. ಗೋವಾಕ್ಕ ಹೊಂಟಾರ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಮಹಾನಂದಾಳ ಕೈ ನಿಂತಿತು.

ದುರ್ಗವ್ವ ಹೆಬ್ಬೆರಳಿಗೆ ತೋರುಬೆರಳನ್ನು ತಿಕ್ಕುತ್ತಾ ಕೂತಿದ್ದಳು. ಆಮೇಲೆ ಅಡುಗೆಮನೆಯ ಹೊಸ್ತಿಲ ತನಕ ಗೋಡೆ ಹಿಡಿದು ಬಂದಳು.

"ಮಾನಂದಾ, ಗಂಟು ಯಾರು ಹಾಕಿದ್ದು ಅಂತ ಹೇಳಿದಿ?"

"ನಾ ಯಾರ ಹೆಸರೂ ಹೇಳಿಲ್ಲ ಅತ್ತಿ. ಅಕಿ ಕೈಯಾಗ ಭಾಳ ಹರೀತೈತಿ ಅಂದೆ, ಅಷ್ಟ."

"ಅಕಿಗೆ ಗಂಟು ಹಾಕಾಕ ಬರೂದಿಲ್ಲ."

"ಗೊತ್ತೈತಿ."

"ಗೊತ್ತಿದ್ದು ಅಂದಿ."

ಮಹಾನಂದಾ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಅದು ಆಗಲೇ ಕರಕಾಗಿತ್ತು. "ನಿಮ್ಮ ಹೆಸರು ಹೇಳಬೇಕಿತ್ತೇನ್ರಿ? ನಿಮ್ಮ ಹೆಸರಂದ್ರ ಈ ಮನಿ ಹೆಸರು. ಇಲ್ಲಿಗೆ ತಂತಿ ನಿಂತ್ರ ಇಡೀ ಓಣಿಗೆ ನಿಂತಂಗ. ನಾವು ತಿನ್ನೂದೇನು? ಇಕಿ ಸಾಲಿ? ಹೇಳ್ರಲ್ಲ."

"ಐವತ್ತು ವರ್ಷ ಎಳಿ ಕೂಡಿಸಿದ ಕೈ," ಎಂದಳು ಮುದುಕಿ, ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ಹಿಡಿದು. "ಕೂಡಿಸೀನಿ ಅಂತ ತಿಳಕೊಂಡಿದ್ದೆ. ಕಡದು ಕಡದು ಇಟ್ಟೀನಲ್ಲ. ಎಂಥೆಂಥಾ ಕೂಸುಗಳ ಕೈಯಾಗಿನ ದೀಪಾ ಆರಿಸೀನಿ." ಆಮೇಲೆ ಸೊಸೆಯತ್ತ ತಿರುಗಿದಳು. "ಹೋಗು. ಅಕಿನ್ನ ಕರಕೊಂಡು ಬಾ. ನನ್ನ ತಪ್ಪು ಹೊತಗೊಂಡು ಹೆರವರ ಮಗಳು ಊರು ಬಿಡಬಾರದು."

ಮರುದಿನ ಬೆಳಿಗ್ಗೆ ಮಹಾನಂದಾ ಹೋದಾಗ ಖೋಲಿಗೆ ಕೀಲಿ ಬಿದ್ದಿತ್ತು. ಗೋವಾಕ್ಕೆ ಗಾರೆ ಕೆಲಸದವರನ್ನು ಒಯ್ಯುವ ಗಾಡಿ ಕುಳಗೇರಿ ಕ್ರಾಸಿನಿಂದ ಹೊರಡುತ್ತದೆಂದು ಪಕ್ಕದವರು ಹೇಳಿದರು. ಅವಳು ಬಸ್ಸು ಹತ್ತಿ, ಬದಾಮಿಯಲ್ಲಿ ಬಸ್ಸು ಬದಲಿಸಿ, ಕ್ರಾಸಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಟಯರಿನ ಅಂಗಡಿಯ ಮುಂದೆ ಒಂದು ಟೆಂಪೋ ನಿಂತಿತ್ತು. ಸಲಿಕೆ, ಬುಟ್ಟಿ, ಕಟ್ಟಿದ ಹಾಸಿಗೆಗಳ ನಡುವೆ ರೋಹಿಣಿ ಟ್ರಂಕಿನ ಮೇಲೆ ಕೂತಿದ್ದಳು. ಶಿವಗಂಗಾ ಸಾಲಿಯ ನೀಲಿ ಲಂಗವನ್ನೇ ತೊಟ್ಟಿದ್ದಳು. ಅವಳ ಬಳಿ ಇದ್ದ ಗಟ್ಟಿ ಬಟ್ಟೆ ಅದೊಂದೇ. ಮಹಾನಂದಾಳನ್ನು ಕಂಡು, "ಪ್ರಿಯಾ ಬಂದಾಳೇನ್ರಿ ಅತ್ತಿ?" ಎಂದು ಎದ್ದು ನಿಂತಳು.

"ಸಾಲಿಗೆ ಹೋಗ್ಯಾಳವಾ." ಮಹಾನಂದಾ ರೋಹಿಣಿಯ ಪಕ್ಕ ಕುಕ್ಕರಿಸಿದಳು. "ನಡಿ ತಂಗಿ, ಮನಿಗೆ ಹೋಗೂಣು. ಅತ್ತಿ ಕಳಿಸ್ಯಾರ. ನನ್ನ ಪಾಲಿನ ತಂತಿಯೊಳಗ ಅರ್ಧಾ ನಿನಗ ಕೊಡ್ತೇನಿ. ನನ್ನ ಹೆಸರಿನ ಮ್ಯಾಲ ಸುತ್ತು. ಅಂವಗೇನ್ ತಿಳೀತೈತಿ."

"ಬಾಗಲಾ ಹಾಕ್ಕೊಂಡು ಸುತ್ತಬೇಕೇನಕ್ಕಾ? ಕಳ್ಳರಂಗ?" ರೋಹಿಣಿ ಮಗಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ನೀರಿನ ನಳದ ಕಡೆ ಏನಂತಾರ ಗೊತ್ತೈತೇನು? ಸಣ್ಣ ಮಕ್ಕಳ ಸಾಮಾನದಾಗ ಮ್ವಾಸಾ ಮಾಡಿದಾಕಿ ಅಂತಾರ. ನನ್ನ ಮಗಳಿಗೆ ಸಾಲ್ಯಾಗ ಕೇಳ್ಯಾರ, ನಿಮ್ಮವ್ವ ಯಾಕ ಹಂಗ ಮಾಡಿದ್ಲು ಅಂತ."

"ಮಂದಿ ಬಾಯಿ ಎರಡು ದಿನ ರೋಹಿಣಿ."

"ಹಂಗಾರ ಒಂದು ಮಾತು." ರೋಹಿಣಿ ಜಡೆಯ ತುದಿಗೆ ರಿಬ್ಬನ್ನು ಸುತ್ತಿದಳು. "ಸುನೀಲಣ್ಣಗ ಫೋನ್ ಹಚ್ಚು. ಈಗ, ನನ್ನ ಮುಂದ. ಆಯಿ ಹೆಸರು ಹೇಳಬ್ಯಾಡ, ನಿನ್ನ ಹೆಸರೂ ಬ್ಯಾಡ. ರೋಹಿಣಿ ಹಾಕಿಲ್ಲ ಅಂತ ಅನ್ನು, ಸಾಕು. ನಾ ಟ್ರಂಕ್ ಎತ್ತಿಕೊಂಡು ನಿನ್ನ ಹಿಂದ ಬರ್ತೇನಿ."

ಮಹಾನಂದಾ ಕುಬಸದೊಳಗಿಂದ ಫೋನು ತೆಗೆದಳು. ಹೆಸರು ಸಿಕ್ಕಿತು. ರೋಹಿಣಿ ಹಾಕಿಲ್ಲ ಎಂದರೆ ಅವನು ಮುಂದಿನ ಮಾತು ಕೇಳದೆ ಬಿಡುತ್ತಾನೆಯೇ? ಮತ್ಯಾರು ಎಂದರೆ? ಹೆಬ್ಬೆರಳು ಗಾಜಿನ ಮೇಲೆ ನಿಂತೇ ಇತ್ತು. ಸುತ್ತಲೂ ಕ್ರಾಸಿನ ಮಂದಿಯೆಲ್ಲ ಕಿವಿಗೆ ಫೋನು ಹಚ್ಚಿಕೊಂಡು, ಲಾರಿ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು, ಜೋರಾಗಿ ಮಾತಾಡುತ್ತಿದ್ದರು. ಟೆಂಪೋದವನು ಹಾರ್ನ್ ಹೊಡೆದ.

"ಇಲ್ಲಿ ರೇಂಜ್ ಇಲ್ಲವಾ," ಎಂದಳು ಮಹಾನಂದಾ.

ರೋಹಿಣಿ ಅವಳ ಮುಖವನ್ನು ನೋಡಿದಳು. ಸಿಟ್ಟಿನಿಂದ ಅಲ್ಲ, ಮಗುವಿಗೆ ಜ್ವರ ಎಷ್ಟಿದೆ ಎಂದು ನೋಡುವ ಹಾಗೆ. ಆಮೇಲೆ ಟ್ರಂಕಿನ ಒಂದು ಕಿವಿ ತಾನು ಹಿಡಿದು, ಇನ್ನೊಂದನ್ನು ಮಗಳಿಗೆ ಹಿಡಿಸಿ, ಗಾಡಿಗೆ ಏರಿಸಿದಳು. "ಆಯಿಗೆ ನಮಸ್ಕಾರ ಹೇಳೀನಂತ ಹೇಳು," ಎಂದಳು. ಗಾಡಿ ಹುಬ್ಬಳ್ಳಿ ದಾರಿ ಹಿಡಿಯಿತು. ಶಿವಗಂಗಾ ಹಿಂದಿನ ಹಲಗೆಯ ಮೇಲಿಂದ ಕೈ ಬೀಸುತ್ತಲೇ ಇದ್ದಳು; ಆ ಮಗುವಿಗೆ ಯಾರೂ ಏನೂ ಹೇಳಿರಲಿಲ್ಲ.

ಸಂಜೆ ಮಹಾನಂದಾ ಮನೆ ಮುಟ್ಟಿದಾಗ ದುರ್ಗವ್ವ ಬಾಗಿಲಲ್ಲೇ ಇದ್ದಳು.

"ಸಿಗಲಿಲ್ಲ ಅತ್ತಿ. ನಾ ಹೋಗೂದರಾಗ ಗಾಡಿ ಬಿಟ್ಟಿತ್ತು."

ಮುದುಕಿಯ ಪೊರೆಗಣ್ಣು ಸೊಸೆಯ ಮುಖದ ಮೇಲೆ ಹುಡುಕಾಡಿತು. ಏನು ಕಂಡಿತೋ. "ಆತು," ಎಂದಳು. "ಗುರುವಾರ ಅಂವ ಬರ್ತಾನಲ್ಲ. ನಾನಽ ಹೇಳ್ತೇನಿ. ನನ್ನ ಬಾಯಿಲೆ ಹೇಳ್ತೇನಿ. ಅಂವ ಕಿಟ್ಟು ಕೊಂಡವರಿಗೆ ಹೇಳಲಿ, ಅವರು ಸಾಲಿಗೆ ಹೇಳಲಿ. ಅಕಿ ಎಲ್ಲೇ ಇರಲಿ, ಅಕಿ ಹೆಸರು ಇಲ್ಲೇ ಐತಲ್ಲ."

ಗುರುವಾರ ಬೆಳಕು ಹರಿಯುವ ಮೊದಲೇ ದುರ್ಗವ್ವ ತಲೆಗೆ ನೀರು ಹಾಕಿಕೊಂಡಳು. ಪೆಟ್ಟಿಗೆಯಿಂದ ಇಳಕಲ್ಲ ಸೀರೆ ತೆಗೆದು ಉಟ್ಟು, ಹಣೆಗೆ ಈಬತ್ತಿ ಹಚ್ಚಿ, ಹೊರಗಿನ ಕಟ್ಟೆಯ ಮೇಲೆ ಬಂದು ಕೂತಳು. ಓಣಿಯ ಹೆಂಗಸರು ಬಾಗಿಲ ಸಂದಿಯಿಂದ ನೋಡಿದರು. ಯಾರೂ ಹತ್ತಿರ ಬರಲಿಲ್ಲ.

ಮಹಾನಂದಾ ಹಿತ್ತಲಿಗೆ ಹೋಗಿ ಫೋನು ಹಚ್ಚಿದಳು. "ಓಣಿಯಾಗ ಗಟಾರಾ ತೆಗದಾರ್ರಿ ಅಣ್ಣಾರ, ಗಾಡಿ ಬರೂದಿಲ್ಲ. ನೀವು ಬಸ್ ಸ್ಟ್ಯಾಂಡಿನ್ಯಾಗ ನಿಂದರ್ರಿ. ನಾನಽ ರೀಲು ತಗೊಂಡು ಬರ್ತೇನಿ." ಹಿಂದಿನ ಬಾಗಿಲಿನಿಂದ ಹೋದಳು, ಹೊಸ ತಂತಿಯನ್ನು ಸೆರಗಿನಡಿ ಮುಚ್ಚಿಕೊಂಡು ಹಿಂದಿನ ಬಾಗಿಲಿನಿಂದಲೇ ಬಂದಳು. ಆರು ಮನೆಗೆ ಹಂಚಿ ಉಳಿದದ್ದನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು.

ಹೊರಗೆ ಬಂದಾಗ ಬಿಸಿಲು ಕಟ್ಟೆಗೆ ಹತ್ತಿತ್ತು. ಮುದುಕಿ ಅಲುಗಿರಲಿಲ್ಲ. ದಾರಿಯಲ್ಲಿ ಬೈಕಿನ ಸದ್ದಾದಾಗೊಮ್ಮೆ ಕಿವಿಯನ್ನು ಅತ್ತ ತಿರುಗಿಸುತ್ತಿದ್ದಳು.

"ಬಂದನೇನವಾ?"

"ಇನ್ನೂ ಇಲ್ಲ ಅತ್ತಿ. ಒಳಗ ಬರ್ರಿ, ಬಿಸಲಾತು."

"ಬರ್ತಾನ, ಬರ್ತಾನ," ಎಂದಳು ದುರ್ಗವ್ವ. ಮತ್ತು ಅವನಿಗೆ ಕೂಡಲು ಜಾಗವಿರಲೆಂದು ಗೋಡೆಯ ಕಡೆಗೆ ಸ್ವಲ್ಪ ಸರಿದು ಕೂತಳು.